ಕಾಲುದಾರಿ ಬೀದಿಯಲ್ಲಿ ಕೊಡಿ, ಜೌಗಿನ ಅಂಚನ್ನು ಬಿಟ್ಟುಬಿಡಿ

ನಗರದ ರಸ್ತೆ, ಚರಂಡಿ, ಕೆರೆ, ಜೌಗು ನೋಡಿಕೊಳ್ಳುವ ಎಲ್ಲ ಅಧಿಕಾರಿಗಳಿಗೆ, ಎಂಜಿನಿಯರುಗಳಿಗೆ, ನಕ್ಷೆ ಬರೆಯುವವರಿಗೆ,

ನಮಸ್ಕಾರ.

ಯಾವ ನಗರವಾದರೂ ಸರಿ, ಜೌಗು ಜಾಗದ 'ಅಭಿವೃದ್ಧಿ' ನಕ್ಷೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ನಡುವೆ ನೀಲಿ ಬಣ್ಣದ ನೀರು. ಅದರ ಸುತ್ತ ಬೂದು ಬಣ್ಣದ ಪಟ್ಟಿ, ಅದು ವಾಕಿಂಗ್ ಟ್ರ್ಯಾಕ್. ಪಟ್ಟಿಯ ಉದ್ದಕ್ಕೂ ಚುಕ್ಕೆಗಳು, ಅವು ದೀಪದ ಕಂಬಗಳು. ಅಲ್ಲಲ್ಲಿ ಬೆಂಚು, ನೀರಿನಲ್ಲಿ ಒಂದು ಕಾರಂಜಿ, ಗೇಟಿನ ಪಕ್ಕ ಪಾರ್ಕಿಂಗ್. ಜೊಂಡು ಬೆಳೆದ ಜಾಗ ನಕ್ಷೆಯಲ್ಲಿ ಕಾಣುವುದೇ ಇಲ್ಲ. ಆಗಲೇ ಕಿತ್ತು ಹಾಕಿ ಆಗಿದೆ ಅನ್ನುವ ಹಾಗೆ ಬರೆದಿರುತ್ತಾರೆ.

ಇಂಥ ನಕ್ಷೆ ನೋಡಿದರೆ ಜನ ಖುಷಿಪಡುತ್ತಾರೆ. ಪಡದೆ ಏನು ಮಾಡುತ್ತಾರೆ? ಬೀದಿಯಲ್ಲಿ ನಡೆಯಲು ಜಾಗ ಸಿಗದವರಿಗೆ ಎಲ್ಲೋ ಒಂದು ಕಡೆ, ಹಾರನ್ ಕೇಳದೆ, ಹಿಂದೆ ತಿರುಗಿ ತಿರುಗಿ ನೋಡದೆ ನಡೆಯಬಹುದು ಅಂದರೆ ಬೇಡ ಅನ್ನುವವರು ಯಾರು? ನಾನೂ ದಿನಾ ನಡೆಯುವವಳು. ಆ ಆಸೆ ನನಗೂ ಇದೆ. ಆದರೂ ಈ ಪತ್ರ ಬರೆಯುತ್ತಿರುವುದು ಆ ಬೂದು ಪಟ್ಟಿಯನ್ನು ಅಳಿಸಿ ಅಂತ ಕೇಳಲು. ಪೂರ್ತಿ ಬೇಡ, ಮುಕ್ಕಾಲು ಭಾಗ ಅಳಿಸಿ. ಬೀದಿಯಲ್ಲಿ ಕೊಡಬೇಕಾದ ಕಾಲುದಾರಿಯನ್ನು ಬೀದಿಯಲ್ಲೇ ಕೊಡಿ. ಆ ಸಾಲವನ್ನು ಜೌಗಿನ ಅಂಚಿನಿಂದ ತೀರಿಸಬೇಡಿ.

ಮೊದಲು ಬೀದಿಯ ಮಾತು. ಬೆಳಗ್ಗೆ ಶಾಲೆ, ಕಚೇರಿ ಶುರುವಾಗುವ ಹೊತ್ತಿಗೆ ಯಾವುದಾದರೂ ದೊಡ್ಡ ರಸ್ತೆಯ ಪಕ್ಕ ಸುಮ್ನೆ ನಿಂತು ನೋಡಿ. ಕಾರಿನೊಳಗೆ ಕೂತು ನೋಡಿದರೆ ಕಾಣುವುದಿಲ್ಲ. ಒಬ್ಬ ತಾಯಿ ಮಗುವಿನ ಕೈ ಹಿಡಿದು ಬರುತ್ತಾಳೆ. ಫುಟ್‌ಪಾತ್ ಮುಗಿದ ಕಡೆ ಮಗುವನ್ನು ಒಳಬದಿಗೆ ಎಳೆದುಕೊಂಡು ತಾನು ಗಾಡಿಗಳ ಬದಿಗೆ ಬರುತ್ತಾಳೆ. ಅದಕ್ಕೆ ಅವಳು ಯೋಚನೆಯನ್ನೂ ಮಾಡುವುದಿಲ್ಲ, ಕೈ ತಾನಾಗಿಯೇ ಮಾಡುತ್ತದೆ. ಶಾಲೆ ಮಕ್ಕಳು ಮೂವರು ಅಕ್ಕಪಕ್ಕ ಮಾತಾಡಿಕೊಂಡು ಬರುತ್ತಿರುತ್ತಾರೆ. ಕಂಬ ಅಡ್ಡ ಬಂದ ಕಡೆ ಒಬ್ಬರ ಹಿಂದೆ ಒಬ್ಬರಾಗುತ್ತಾರೆ, ಮಾತು ನಿಲ್ಲುತ್ತದೆ, ದಾಟಿದ ಮೇಲೆ ಮತ್ತೆ ಶುರು. ಬಿಳಿ ಕೋಲು ಹಿಡಿದವರೊಬ್ಬರು ಗೋಡೆಯ ಗುರುತಿನಲ್ಲಿ ಬರುತ್ತಿದ್ದಾರೆ. ಕೋಲು ನಿಲ್ಲಿಸಿದ ಬೈಕಿನ ಚಕ್ರಕ್ಕೆ ತಾಗುತ್ತದೆ. ಅವರು ಬೈಕನ್ನು ಕೈಯಿಂದ ತಡವಿ, ಅದರ ಉದ್ದ ಅಂದಾಜು ಮಾಡಿ, ರಸ್ತೆಗೆ ಇಳಿಯುತ್ತಾರೆ. ಎರಡೂ ಕೈಯಲ್ಲಿ ಚೀಲ ಹಿಡಿದ ಹೆಂಗಸು ಪ್ರತಿ ಮನೆಯ ಗೇಟಿನ ಮುಂದೆ ಇಳಿದು ಮತ್ತೆ ಹತ್ತುತ್ತಾಳೆ. ಮಂಡಿ ನೋವಿನವರು ಫುಟ್‌ಪಾತ್ ಹತ್ತುವುದೇ ಇಲ್ಲ, ರಸ್ತೆಯ ಅಂಚಿನಲ್ಲೇ ನಡೆಯುತ್ತಾರೆ. 'ಫುಟ್‌ಪಾತ್ ಇದ್ದರೂ ರಸ್ತೆಯಲ್ಲಿ ನಡೀತಾರೆ' ಅಂತ ಬೈಯುವವರು ಆ ಮಂಡಿಯನ್ನು ಕೇಳಬೇಕು. 15 ಸೆಂಟಿಮೀಟರಿಗಿಂತ ಎತ್ತರದ ಮೆಟ್ಟಿಲನ್ನು ಪ್ರತಿ ಗೇಟಿಗೂ ಹತ್ತಿ ಇಳಿಯುವುದಕ್ಕಿಂತ ಹಾರನ್ ಕೇಳಿಸಿಕೊಳ್ಳುವುದೇ ವಾಸಿ ಅಂತ ಅದು ಎಂದೋ ತೀರ್ಮಾನ ಮಾಡಿದೆ.

ರಸ್ತೆ ದಾಟುವ ಸಿಗ್ನಲ್ ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ ಅಂತ ಹಿಡಿದು ಬಹಳ ಕಡೆ ಹಸಿರು ದೀಪದ ಹೊತ್ತು ಗೊತ್ತುಮಾಡುತ್ತಾರೆ. 15 ಮೀಟರ್ ಅಗಲದ ರಸ್ತೆಗೆ 12–13 ಸೆಕೆಂಡ್ ಆಯಿತು. ಆದರೆ ವಯಸ್ಸಾದವರಲ್ಲಿ ಬಹಳ ಜನ ಸೆಕೆಂಡಿಗೆ 0.8 ಅಥವಾ 0.9 ಮೀಟರ್ ಅಷ್ಟೇ ನಡೆಯುತ್ತಾರೆ. ಅದೇ ರಸ್ತೆ ದಾಟಲು ಅವರಿಗೆ 17ರಿಂದ 19 ಸೆಕೆಂಡ್ ಬೇಕು. ಆ ಐದಾರು ಸೆಕೆಂಡನ್ನು ಗಾಡಿಗಳ ಪಾಲಿನಿಂದ ತೆಗೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಹಾಗಾಗಿ ಅಜ್ಜ ಡಿವೈಡರ್ ಹಿಡಿದುಕೊಂಡು ನಡುರಸ್ತೆಯಲ್ಲಿ ನಿಲ್ಲುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆ ಅಪಘಾತಗಳಲ್ಲಿ ಸಾಯುತ್ತಾರೆ. ಅವರಲ್ಲಿ ಐವರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದವರು.

ಹೀಗಿದ್ದರೆ ಜನ ನಡೆಯಲು ಬೇರೆ ಜಾಗ ಹುಡುಕುತ್ತಾರೆ. ಕೆಲವರಂತೂ ನಡೆಯುವುದಕ್ಕಾಗಿ ಕಾರಿನಲ್ಲಿ ಹೋಗುತ್ತಾರೆ. ಗೇಟಿನ ಪಕ್ಕದ ಪಾರ್ಕಿಂಗ್ ಅದಕ್ಕೇ ತಾನೇ? ಇಲ್ಲಿ ಒಂದು ವಿಷಯ ಗಮನಿಸಿ. ಸುತ್ತು ಹಾಕುವ ಟ್ರ್ಯಾಕ್ ಯಾರನ್ನೂ ಎಲ್ಲಿಗೂ ತಲುಪಿಸುವುದಿಲ್ಲ. ಹೊರಟಲ್ಲಿಗೇ ಬಂದು ಸೇರುತ್ತದೆ. ಮೇಲೆ ಹೇಳಿದ ತಾಯಿ, ಮಕ್ಕಳು, ಬಿಳಿ ಕೋಲಿನವರು, ಚೀಲದವರು, ಇವರಲ್ಲಿ ಒಬ್ಬರಿಗೂ ಅದರಿಂದ ಉಪಯೋಗ ಇಲ್ಲ. ಕೆಲಸಕ್ಕೆ, ಶಾಲೆಗೆ, ಬಸ್ಸಿಗೆ ನಡೆಯುವವರಿಗೆ ಜಾಗ ಇಲ್ಲ, ಬೆವರು ಸುರಿಸಲು ನಡೆಯುವವರಿಗೆ ಮಾತ್ರ ಇದೆ ಅಂದಹಾಗಾಯಿತು. ಬೆವರು ಸುರಿಸುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮೊದಲ ಪಾಲು ಅವರದ್ದಲ್ಲ.

ಈಗ ಜೌಗಿನ ಕಡೆ ಬರೋಣ. ಜೌಗು ಅಂದರೆ ನಡುವಿನ ನೀರು, ಅಂಚು ಅಂದರೆ ಬರೀ ಕೆಸರು ಅಂತ ನಕ್ಷೆ ಅಂದುಕೊಂಡಿದೆ. ಇದು ತಲೆಕೆಳಗು. ಜೌಗಿನ ಹೆಚ್ಚಿನ ಕೆಲಸ ನಡೆಯುವುದೇ ಅಂಚಿನಲ್ಲಿ. ಹೆಜ್ಜೆ ಹೆಜ್ಜೆಗೂ ಬೆರಳಿನಷ್ಟು ಇಳಿಯುತ್ತಾ ಹೋಗುವ ಆ ನೆಲದಲ್ಲಿ ಪ್ರತಿಯೊಂದು ಹಕ್ಕಿಗೂ ತನ್ನ ಕಾಲಿನ ಉದ್ದಕ್ಕೆ ತಕ್ಕ ಜಾಗ ಇದೆ. ಗಿಡ್ಡ ಕಾಲಿನ ಉಲ್ಲಂಕಿ ಒದ್ದೆ ಕೆಸರಿನಲ್ಲಿ, ಬೆಳ್ಳಕ್ಕಿ ಮೊಣಕಾಲುದ್ದ ನೀರಿನಲ್ಲಿ, ದೊಡ್ಡ ಕೊಕ್ಕರೆ ಇನ್ನೂ ಒಳಗೆ. ಜಕಾನಾ ಅನ್ನುವ ಹಕ್ಕಿ ಉದ್ದ ಉದ್ದ ಬೆರಳುಗಳನ್ನು ಅಗಲಿಸಿಕೊಂಡು ತೇಲುವ ಎಲೆಗಳ ಮೇಲೇ ನಡೆದುಹೋಗುತ್ತದೆ. ಭಾರ ಹಂಚಿಹೋಗುವುದರಿಂದ ಎಲೆ ಮುಳುಗುವುದಿಲ್ಲ. ಅದಕ್ಕೆ ಯಾರೂ ಟೈಲ್ಸ್ ಹಾಕಿಕೊಡಬೇಕಾಗಿಲ್ಲ. ಏರೋಪ್ಲೇನ್ ಚಿಟ್ಟೆಯ ಮರಿ ನೀರಿನೊಳಗೆ ಸೊಳ್ಳೆ ಮರಿಗಳನ್ನು ತಿಂದು ಬೆಳೆದು, ಕೊನೆಗೆ ಒಂದು ಜೊಂಡಿನ ಕಡ್ಡಿ ಹತ್ತಿ ಪೊರೆ ಬಿಟ್ಟು ಹಾರುತ್ತದೆ. ಕಡ್ಡಿ ಇಲ್ಲದಿದ್ದರೆ ಹತ್ತುವುದೆಲ್ಲಿಗೆ?

ಕಣ್ಣಿಗೆ ಕಾಣದ ಕೆಲಸವೂ ಅಲ್ಲೇ ನಡೆಯುತ್ತದೆ. ಜೌಗಿನ ಕೆಸರಿನಲ್ಲಿ ಗಾಳಿ ಇರುವುದಿಲ್ಲ. ಜೊಂಡು ತನ್ನ ಟೊಳ್ಳು ಕಾಂಡದ ಮೂಲಕ ಮೇಲಿನ ಗಾಳಿಯನ್ನು ಬೇರಿಗೆ ಇಳಿಸುತ್ತದೆ. ಬೇರಿನ ಸುತ್ತ ಒಂದಿಷ್ಟು ಗಾಳಿ, ಸ್ವಲ್ಪ ಆಚೆಗೆ ಗಾಳಿಯೇ ಇಲ್ಲ. ಎರಡು ಥರದ ಬ್ಯಾಕ್ಟೀರಿಯಾಗಳು ಅಕ್ಕಪಕ್ಕದಲ್ಲೇ ಕೆಲಸ ಮಾಡಲು ಇದು ಹೇಳಿ ಮಾಡಿಸಿದ ಜಾಗ. ಒಂದು ಗುಂಪು ಕೊಳಚೆಯ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತದೆ. ಇನ್ನೊಂದು ಗುಂಪು ಆ ನೈಟ್ರೇಟನ್ನು ನೈಟ್ರೋಜನ್ ಅನಿಲ ಮಾಡಿ ಗಾಳಿಗೆ ಬಿಡುತ್ತದೆ. ನೀರು ಹೀಗೆ ತಿಳಿಯಾಗುತ್ತದೆ. ನೀವು ಅಂಚನ್ನು ಅಗೆದು, ನೆಟ್ಟಗೆ ಕಲ್ಲು ಕಟ್ಟಿಸಿ, ಮೇಲೆ ಟ್ರ್ಯಾಕ್ ಹಾಕಿದಾಗ ದಡದ ಬುಡದಲ್ಲೇ ನೀರು ಆಳವಾಗುತ್ತದೆ. ಒಂದು ಮೀಟರಿಗಿಂತ ಆಳ ಜಾಸ್ತಿಯಾದ ಕಡೆ ಜೊಂಡು ಬೇರೂರುವುದು ಕಷ್ಟ. ಬೆಳ್ಳಕ್ಕಿಗೆ ಕಾಲೂರಲು ನೆಲ ಇಲ್ಲ. ಕಪ್ಪೆಗೆ ಗೋಡೆ ಹತ್ತಲು ಆಗುವುದಿಲ್ಲ. ಉಳಿಯುವುದು ನೀರು ತುಂಬಿದ ಒಂದು ಗುಂಡಿ. ಆಮೇಲೆ ನೀರು ನಾರುತ್ತದೆ ಅಂತ ಕಾರಂಜಿ ಹಾಕುತ್ತೀರಿ.

ಇನ್ನೊಂದು ತೊಂದರೆ ಬೇಸಿಗೆಯದು. ನೀರು ಹಿಂದೆ ಸರಿದಾಗ ಅಂಚಿನ ನೆಲ ಒಣಗಿ ಬಿರುಕು ಬಿಡುತ್ತದೆ. ಸರ್ವೆಗೆ ಬಂದವರು ಅದನ್ನು ಖಾಲಿ ಜಾಗ ಅಂತ ಬರೆದುಕೊಳ್ಳುತ್ತಾರೆ. ಆದರೆ ಇರಾನಿನ ರಾಮ್ಸಾರ್ ಊರಿನಲ್ಲಿ 1971ರ ಫೆಬ್ರವರಿ 2ರಂದು ಜೌಗುಗಳನ್ನು ಉಳಿಸಲು ದೇಶ ದೇಶಗಳ ನಡುವೆ ಆದ ಒಪ್ಪಂದ ಹೇಳುವುದೇ ಬೇರೆ. ನೀರು ಸದಾ ನಿಂತಿರಲಿ, ಕೆಲವು ತಿಂಗಳು ಮಾತ್ರ ಇರಲಿ, ಸಿಹಿಯಿರಲಿ, ಉಪ್ಪಿರಲಿ, ಸಹಜವಾಗಿರಲಿ, ಮನುಷ್ಯರು ಮಾಡಿದ್ದಿರಲಿ, ಎಲ್ಲವೂ ಅದರ ಪ್ರಕಾರ ಜೌಗೇ. ಒಣಗಿದ ತಿಂಗಳಿನಲ್ಲಿ ಅಳೆದರೆ ಅರ್ಧ ಜೌಗು ಕಾಗದದ ಮೇಲೇ ಮಾಯವಾಗುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅಳೆಯಿರಿ. ಆ ಒಪ್ಪಂದದ ಕಡೆಯವರೇ 2018ರಲ್ಲಿ ಹೊರತಂದ ವರದಿ ಹೇಳುವಂತೆ, 1970ರಿಂದ 2015ರ ನಡುವೆ ಜಗತ್ತಿನ ಸಹಜ ಜೌಗುಗಳಲ್ಲಿ ಸುಮಾರು ಶೇಕಡ 35ರಷ್ಟು ಹೋಗಿವೆ. ಕಾಡು ಹೋದದ್ದಕ್ಕಿಂತ ಮೂರು ಪಟ್ಟು ಬೇಗ.

ಸುತ್ತು ಟ್ರ್ಯಾಕಿನ ಬಗ್ಗೆ ನನ್ನ ತಕರಾರು ಬರೀ ಕಲ್ಲು ಸಿಮೆಂಟಿನದಲ್ಲ. ಮಣ್ಣಿನ ದಾರಿ ಮಾಡಿದರೂ ಅದು ಸುತ್ತು ಬಂದರೆ ಜೌಗಿಗೆ ಹಿತ್ತಿಲೇ ಉಳಿಯುವುದಿಲ್ಲ. ಮನುಷ್ಯರು ಒಂದು ದಡದಲ್ಲಿದ್ದರೆ ಹಕ್ಕಿ ಇನ್ನೊಂದು ದಡಕ್ಕೆ ಹಾರುತ್ತದೆ. ನಾಲ್ಕೂ ದಡದಲ್ಲಿ ಇದ್ದರೆ? ಗೂಡು ಬಿಟ್ಟು ಎದ್ದು ಹೋಗುತ್ತದೆ, ಮೊಟ್ಟೆ ಬಿಸಿಲಿಗೋ ಕಾಗೆಗೋ. ಸಿಡ್ನಿ ಹತ್ತಿರದ ಕಾಡುದಾರಿಗಳಲ್ಲಿ ನಡೆಸಿದ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಹಗ್ಗ ಕಟ್ಟಿದ ನಾಯಿಯನ್ನು ಕರೆದುಕೊಂಡು ಸುಮ್ಮನೆ ನಡೆದುಹೋದರೂ ಅಲ್ಲಿ ಕಾಣುವ ಹಕ್ಕಿ ಜಾತಿಗಳು ಶೇಕಡ 35ರಷ್ಟು ಕಡಿಮೆಯಾದವು. ಅದು ಕಾಡು, ಇದು ಜೌಗು, ನಿಜ. ಆದರೆ ಮರಗಳ ಮರೆಯಿದ್ದ ಕಡೆಯೇ ಹಾಗಾದರೆ ಬಯಲು ನೀರಿನ ಹಕ್ಕಿಗೆ ಹೇಗಾಗಬೇಡ? ಇನ್ನು ದೀಪ. ರಾತ್ರಿಯಿಡೀ ಬೆಳಗುವ ಕಂಬಗಳ ಕೆಳಗೆ ಹುಳುಗಳು ಸುತ್ತಿ ಸುತ್ತಿ ಸಾಯುತ್ತವೆ. ದೀಪ ಬೇಕಾಗಿರುವುದು ಬಸ್ ನಿಲ್ದಾಣದಿಂದ ಮನೆಗೆ ಹೋಗುವ ಗಲ್ಲಿಯಲ್ಲಿ. ಅಲ್ಲಿ ಕತ್ತಲು, ಇಲ್ಲಿ ಬೆಳಕು. ರಾತ್ರಿ ಕೆಲಸ ಮುಗಿಸಿ ಒಬ್ಬಳೇ ನಡೆದು ಬರುವವಳಿಗೆ ಇದು ತಮಾಷೆಯ ವಿಷಯ ಅಲ್ಲ.

ಬೀದಿ ಮತ್ತು ಜೌಗು, ಎರಡನ್ನೂ ಒಂದೇ ಊರಿನಲ್ಲಿ ನೋಡಬೇಕೆಂದರೆ ಕೊಲಂಬಿಯಾದ ಬೊಗೊಟಾ ಇದೆ. 1998ರಿಂದ 2000ದವರೆಗೆ ಅಲ್ಲಿ ಮೇಯರ್ ಆಗಿದ್ದ ಎನ್ರಿಕೆ ಪೆನ್ಯಾಲೋಸಾ ಫುಟ್‌ಪಾತ್ ಮೇಲೆ ಕಾರು ನಿಲ್ಲಿಸುವುದನ್ನು ತಪ್ಪಿಸಿದರು. ಗಿಡ್ಡ ಕಂಬಗಳನ್ನು ನೆಡಿಸಿದರು. ಜೋರು ವಿರೋಧ ಬಂತು, ಬಗ್ಗಲಿಲ್ಲ. ನಡೆಯುವವರ ಪರವಾಗಿ ಅಷ್ಟು ಗಟ್ಟಿಯಾಗಿ ನಿಂತ ಮೇಯರುಗಳು ಕಡಿಮೆ. ಅದೇ ಮನುಷ್ಯ 2016ರಿಂದ 2019ರವರೆಗೆ ಮತ್ತೆ ಮೇಯರ್ ಆದಾಗ ಹ್ವಾನ್ ಅಮರಿಯೋ ಮುಂತಾದ ನಗರದ ಜೌಗುಗಳಲ್ಲಿ ಗಟ್ಟಿ ದಾರಿಗಳು ಮತ್ತು ಎತ್ತರದ ನಡಿಗೆ ಸೇತುವೆಗಳ ಯೋಜನೆ ಬಂತು. ಈ ಸಲ ವಿರೋಧಿಸಿದವರು ಸುತ್ತಮುತ್ತಲಿನ ನಿವಾಸಿಗಳು, ಪರಿಸರದವರು. ಅಲ್ಲಿನ ದಟ್ಟ ಜೊಂಡಿನೊಳಗೆ ಬೊಗೊಟಾ ರೈಲ್ ಅನ್ನುವ ಹಕ್ಕಿ ಬದುಕುತ್ತದೆ. ಕೊಲಂಬಿಯಾದ ಆ ಬೆಟ್ಟಸೀಮೆ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಅದು ಇಲ್ಲ. 2018ರಲ್ಲಿ ಆ ನಗರದ ಜೌಗುಗಳು ರಾಮ್ಸಾರ್ ಪಟ್ಟಿಗೂ, ಅಂದರೆ ಆ ಒಪ್ಪಂದದ ಪ್ರಕಾರ ಇಡೀ ಜಗತ್ತಿಗೆ ಮುಖ್ಯವಾದ ಜೌಗುಗಳ ಪಟ್ಟಿಗೂ, ಸೇರಿದವು. ಪೆನ್ಯಾಲೋಸಾ ಮೊದಲ ಸಲ ಮಾಡಿದ್ದು ಸರಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಎರಡನೇ ಸಲ ಪ್ರಶ್ನೆ ಎತ್ತಿದವರೂ ಸರಿ. ಬೀದಿಯಲ್ಲಿ ನಡೆಯುವವರಿಗೆ ಒಳ್ಳೆಯದಾದದ್ದೆಲ್ಲ ಜೌಗಿನಲ್ಲೂ ಒಳ್ಳೆಯದೇ ಆಗಬೇಕು ಅಂತ ಏನೂ ಇಲ್ಲ, ಅಲ್ವಾ?

ಹಾಗಾದರೆ ಜನ ಜೌಗಿನ ಹತ್ತಿರ ಹೋಗಲೇಬಾರದಾ? ಹೋಗಬೇಕು. ನೋಡದ ಜಾಗವನ್ನು ಉಳಿಸಿ ಅಂತ ಯಾರೂ ಜಗಳ ಮಾಡುವುದಿಲ್ಲ. ಹೇಗೆ ಹೋಗಬೇಕು ಅನ್ನುವುದಷ್ಟೇ ಪ್ರಶ್ನೆ. ಚೀನಾದ ಹಾರ್ಬಿನ್ ನಗರದಲ್ಲಿ ಚುನ್‌ಲಿ ಎಂಬ 34 ಹೆಕ್ಟೇರಿನ ಮಳೆನೀರಿನ ಉದ್ಯಾನ ಇದೆ. ಸುತ್ತ ರಸ್ತೆ, ಕಟ್ಟಡ ಬಂದು ಒಳಗಿನ ಹಳೆಯ ಜೌಗು ಒಣಗುತ್ತಿತ್ತು. ಭೂದೃಶ್ಯ ವಿನ್ಯಾಸಕ ಯು ಕೋಂಗ್ಜಿಯಾನ್ ಅವರ ತಂಡ ಅದರ ನಡುಭಾಗವನ್ನು ಮುಟ್ಟಲೇ ಇಲ್ಲ. ಉದ್ಯಾನದ ಹೊರಗಿನ ಅಂಚಿನಲ್ಲಿ ಮಾತ್ರ ಮಣ್ಣು ತೆಗೆದು ಹೊಂಡ ಮಾಡಿದರು, ಅದೇ ಮಣ್ಣಿನಿಂದ ದಿಬ್ಬ ಮಾಡಿದರು, ದಿಬ್ಬದ ಮೇಲೆ ಮರ ನೆಟ್ಟರು. ಊರಿನ ಮಳೆನೀರು ಆ ಹೊಂಡಗಳಲ್ಲಿ ಸೋಸಿಕೊಂಡು ಒಳಗಿನ ಜೌಗಿಗೆ ಹೋಗುತ್ತದೆ. ಜನ ನಡೆಯುವುದು ಹೊಂಡ, ದಿಬ್ಬ, ಮರಗಳ ಆ ಹೊರಪಟ್ಟಿಯಲ್ಲಿ. ನಡೆಯುವವರೂ ಇದ್ದಾರೆ, ಜೌಗಿಗೆ ಮರೆಯೂ ಇದೆ. ಲಂಡನ್ನಿನಲ್ಲಿ ಥೇಮ್ಸ್ ನದಿಯ ಪಕ್ಕ, ಬೇಡವಾದ ಹಳೆಯ ಜಲಾಶಯಗಳನ್ನು ಜೌಗು ಮಾಡಿ 2000ದಲ್ಲಿ ತೆರೆದರು. ಅಲ್ಲಿ ಹಕ್ಕಿ ನೋಡಲು ಮರದ ಗೂಡುಮನೆಗಳಿವೆ. ಒಳಗೆ ಕೂತು ಸಣ್ಣ ಕಿಂಡಿಯಿಂದ ನೋಡಬೇಕು. ಹಕ್ಕಿಗೆ ನಾವು ಕಾಣುವುದಿಲ್ಲ, ನಮಗೆ ಹಕ್ಕಿ ಹತ್ತಿರದಿಂದ ಕಾಣುತ್ತದೆ. ಜಾಗಿಂಗ್ ಮಾಡುತ್ತಾ ಐವತ್ತು ಸುತ್ತು ಹೊಡೆದರೂ ಅಷ್ಟು ಕಾಣುವುದಿಲ್ಲ.

ಸೊಳ್ಳೆ ಬರುತ್ತದೆ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾಗಿರುವುದು ಡಬ್ಬ, ಟೈರು, ಹೂಕುಂಡದ ತಟ್ಟೆಯಲ್ಲಿ ನಿಂತ ಒಂದಿಷ್ಟು ನೀರು. ಮೀನು, ಕಪ್ಪೆ, ಏರೋಪ್ಲೇನ್ ಚಿಟ್ಟೆಯ ಮರಿ ಇರುವ ಜೌಗಿನಲ್ಲಿ ಸೊಳ್ಳೆ ಮರಿಗೆ ಉಳಿಗಾಲ ಕಡಿಮೆ. ಕೊಳಚೆ ಬಿಟ್ಟು, ಇವನ್ನೆಲ್ಲ ಸಾಯಿಸಿದ ಮೇಲೆ ಸೊಳ್ಳೆ ಬಂದರೆ ಅದು ಜೌಗಿನ ತಪ್ಪಲ್ಲ. ಫುಟ್‌ಪಾತಿನ ಒಡೆದ ಚಪ್ಪಡಿಯ ಕೆಳಗೆ, ಹರಿಯದೆ ನಿಂತ ಚರಂಡಿಯಲ್ಲಿ ಒಮ್ಮೆ ಟಾರ್ಚ್ ಬಿಟ್ಟು ನೋಡಿ.

ಮಳೆ ಬಂದಾಗ ಈ ಎರಡೂ ವಿಷಯ ಒಂದೇ ಕಡೆ ಬಂದು ಸೇರುತ್ತವೆ. ರಸ್ತೆಯ ನಡುಭಾಗ ಸ್ವಲ್ಪ ಉಬ್ಬಿರುತ್ತದೆ, ನೀರು ಎರಡು ಬದಿಗೆ ಇಳಿಯಲಿ ಅಂತ. ಬದಿಯಲ್ಲಿ ಇರುವವರು ಯಾರು? ನಡೆಯುವವರು. ಗಾಡಿಗೆ ಒಣ ರಸ್ತೆ, ನಮಗೆ ಕಣಕಾಲುದ್ದ ನೀರು. ಅದರೊಳಗೆ ಚಪ್ಪಡಿ ಇದೆಯೋ ಇಲ್ಲವೋ ಅಂತ ಕಾಲಿನಿಂದ ತಡಕುತ್ತಾ ಹೆಜ್ಜೆ ಇಡಬೇಕು. ಆ ನೀರು ಹೋಗಿ ಸೇರಬೇಕಾಗಿದ್ದ ತಗ್ಗು ಜೌಗಾಗಿತ್ತು. ಒಂದು ಹೆಕ್ಟೇರ್ ಜೌಗಿನಲ್ಲಿ ನೀರು 30 ಸೆಂಟಿಮೀಟರ್ ಏರಿತು ಅಂದರೆ 30 ಲಕ್ಷ ಲೀಟರ್ ಅಲ್ಲಿ ನಿಂತಿತು ಅಂತ ಲೆಕ್ಕ. ಅದಕ್ಕೆ ಮಣ್ಣು ತುಂಬಿದರೆ ಆ 30 ಲಕ್ಷ ಲೀಟರ್ ಮುಂದಿನ ತಗ್ಗು ಹುಡುಕುತ್ತದೆ. ಅಂಡರ್‌ಪಾಸ್, ಬಸ್ ನಿಲ್ದಾಣ, ಜೀಬ್ರಾ ಪಟ್ಟೆ. ಸುತ್ತು ಟ್ರ್ಯಾಕಿಗಾಗಿ ಅಂಚಿನಲ್ಲಿ ತುಂಬುವ ಮಣ್ಣೂ ಈ ಲೆಕ್ಕಕ್ಕೇ ಸೇರುತ್ತದೆ. ನೀರು ಏರಿದಾಗ ಹರಡಿಕೊಳ್ಳುವುದು ಅಂಚಿನ ಕಡೆಗೇ ಅಲ್ಲವೇ? ಹಾಗಾಗಿ ನಡೆಯುವವರಿಗೆ ಉಪಕಾರ ಅಂತ ಮಾಡಿದ ಟ್ರ್ಯಾಕ್, ಮಳೆಗಾಲದಲ್ಲಿ ಆಚೆ ಬೀದಿಯಲ್ಲಿ ನಡೆಯುವವರ ಕಾಲಿಗೇ ನೀರು ತಂದು ಬಿಡುತ್ತದೆ.

ಕೋಲ್ಕತ್ತದ ಪೂರ್ವದ ಜೌಗುಗಳ ಬಗ್ಗೆ ನಿಮಗೆ ಗೊತ್ತಿರಬಹುದು. ಸುಮಾರು 12,500 ಹೆಕ್ಟೇರ್. ನಗರದ ಕೊಳಚೆ ನೀರು ಅಲ್ಲಿನ ಕೊಳಗಳಲ್ಲಿ ಬಿಸಿಲು, ಪಾಚಿ, ಮೀನುಗಳ ಮೂಲಕ ಹಾದು ತಿಳಿಯಾಗುತ್ತದೆ. ಧ್ರುವಜ್ಯೋತಿ ಘೋಷ್ ಎಂಬ ಎಂಜಿನಿಯರ್ ವರ್ಷಗಟ್ಟಲೆ ಅದನ್ನು ಅರ್ಥಮಾಡಿಕೊಂಡು, ಅದರ ಪರವಾಗಿ ಓಡಾಡಿದರು. 2002ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು. ಅವರು ಸರ್ಕಾರಿ ಎಂಜಿನಿಯರ್ ಆಗಿದ್ದರು, ನಿಮ್ಮ ಹಾಗೆಯೇ. ಇದನ್ನು ಬೇಕೆಂದೇ ಹೇಳುತ್ತಿದ್ದೇನೆ.

ನಾನು ಕೇಳುವುದು ಜಾಸ್ತಿ ಇಲ್ಲ. ಜೌಗಿಗೆ ನಡೆಯುವ ದಾರಿ ಬೇಕೇ ಬೇಕು ಅಂದರೆ ಒಂದು ಬದಿಯಲ್ಲಿ ಮಾತ್ರ ಹಾಕಿ, ಅದೂ ಊರಿಗೆ ಹತ್ತಿರದ ಬದಿಯಲ್ಲಿ, ನೀರಿನಿಂದ ದೂರ, ನಡುವೆ ಜೊಂಡಿನ ಪಟ್ಟಿ ಬಿಟ್ಟು. ಆ ದಾರಿ ಎರಡು ಬಡಾವಣೆಗಳನ್ನು ಸೇರಿಸುವಂತಿದ್ದರೆ ಇನ್ನೂ ಒಳ್ಳೆಯದು, ಆಗ ಅದರಲ್ಲಿ ಶಾಲೆಗೂ ಹೋಗಬಹುದು, ಬಸ್ಸಿಗೂ ಹೋಗಬಹುದು. ನೀರಿನ ಹತ್ತಿರ ಹೋಗಬೇಕಾದ ಒಂದೆರಡು ಕಡೆ ಕಂಬಗಳ ಮೇಲೆ ಮರದ ಹಲಗೆಯ ದಾರಿ ಮಾಡಿ, ಕೆಳಗೆ ನೀರು ಓಡಾಡಲಿ. ಕಂಬದ ದೀಪಗಳನ್ನು ಪಕ್ಕದ ಗಲ್ಲಿಗಳಿಗೆ ಕೊಡಿ. ಅಂಚಿಗೆ ಬೇಕಾಗಿದ್ದ ಟೈಲ್ಸ್, ಸಿಮೆಂಟ್, ಕೆಲಸದವರನ್ನು ಬೀದಿಗೆ ಕಳಿಸಿ. ಎರಡು ಗಾಲಿಕುರ್ಚಿಗಳು ಎದುರುಬದುರು ದಾಟಲು 1.8 ಮೀಟರ್ ಅಗಲ ಸಾಕು. ಅಷ್ಟಗಲ, ಅಡ್ಡ ಏನೂ ಇಲ್ಲದ, ಗೇಟು ಗೇಟಿಗೆ ಇಳಿದು ಹತ್ತಬೇಕಾಗಿಲ್ಲದ ಫುಟ್‌ಪಾತ್ ಕೊಡಿ. ಗಾಡಿ ಒಳಗೆ ಹೋಗಬೇಕಾದವರು ಇಳಿಜಾರು ಹತ್ತಿ ಹೋಗಲಿ, ನಡೆಯುವವರು ಸಮನಾಗಿ ಹೋಗಲಿ. ಈಗ ಅದು ಉಲ್ಟಾ ಇದೆ.

ಮತ್ತೊಂದು ಮಾತು. ಮುಂದಿನ ಸಲ ಜೌಗಿನ ನಕ್ಷೆಯನ್ನು ಜನರ ಮುಂದೆ ಇಡುವಾಗ ಅದರ ಪಕ್ಕದಲ್ಲಿ ಇನ್ನೊಂದು ಹಾಳೆಯನ್ನೂ ಇಡಿ. ಆ ಜೌಗಿನಿಂದ ಒಂದು ಕಿಲೋಮೀಟರ್ ಒಳಗಿನ ಎಲ್ಲ ಬೀದಿಗಳ ಫುಟ್‌ಪಾತ್ ನಕ್ಷೆ. ಎಲ್ಲಿ ಇದೆ, ಎಲ್ಲಿ ಇಲ್ಲ, ಎಲ್ಲಿ ಕಂಬ ಅಡ್ಡ ಇದೆ, ಎಲ್ಲಿ ಚಪ್ಪಡಿ ಇಲ್ಲ, ಮಳೆ ಬಂದರೆ ಎಲ್ಲಿ ನೀರು ನಿಲ್ಲುತ್ತದೆ, ಎಲ್ಲ ಅದರಲ್ಲಿ ಇರಲಿ. ಅದನ್ನು ಕಚೇರಿಯಲ್ಲಿ ಕೂತು ಬರೆಯಬೇಡಿ, ನಡೆದು ಬರೆಯಿರಿ. ಬೇಕಾದರೆ ನಾವೂ ಜೊತೆಗೆ ಬರುತ್ತೇವೆ. ಆ ಎರಡನೇ ಹಾಳೆಯ ಕೆಲಸ ಮುಗಿಯುವ ತನಕ ಮೊದಲನೆಯದಕ್ಕೆ ಸಹಿ ಹಾಕಬೇಡಿ.

ಇಂತಿ,
ದಿನಾ ನಡೆದು ಹೋಗುವ ಒಬ್ಬಳು